ಹಡಗು ಹತ್ತಿದ ಅಚ್ಚು

ರಾತ್ರಿ ಹನ್ನೊಂದರ ಹೊತ್ತಿಗೆ ನವನಗರ ಮೌನವಾಗುತ್ತದೆ. ಚಿಗರಿ ಬಸ್ಸುಗಳ ಓಡಾಟ ತಗ್ಗಿ, ಕ್ಯಾನ್ಸರ್ ಆಸ್ಪತ್ರೆಯ ಕಡೆಯ ಚಹಾದಂಗಡಿಗಳು ಬಾಗಿಲು ಎಳೆದ ಮೇಲೆ ಅಮರಗೋಳದ ದಿಕ್ಕಿನಿಂದ ಗೂಡ್ಸ್ ಗಾಡಿಗಳ ಸದ್ದು ಕೇಳತೊಡಗುತ್ತದೆ. ಅವುಗಳಲ್ಲಿ ಕಲ್ಲಿದ್ದಲಿನ ಗಾಡಿಗಳೂ ಇರುತ್ತವೆ. ಗೋವಾದ ಮುರಗಾಂವ ಬಂದರಿನಲ್ಲಿ ಹಡಗಿನಿಂದ ಇಳಿದ ಇದ್ದಿಲು ಕ್ಯಾಸಲ್‌ರಾಕ್ ಘಾಟು ಹತ್ತಿ, ಲೋಂಡಾ, ಧಾರವಾಡ ದಾಟಿ, ನಮ್ಮ ನಿದ್ದೆಯ ಪಕ್ಕದಲ್ಲೇ ಹಾದು ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗಿ ಬೀಳುತ್ತದೆ. ಅಲ್ಲಿಂದ ಹೊರಬಿದ್ದ ಉಕ್ಕಿನಲ್ಲಿ ಒಂದಿಷ್ಟು ಸರಳಾಗಿ ಇಲ್ಲಿಯ ಸ್ಲ್ಯಾಬುಗಳೊಳಗೆ ಸೇರಿದರೆ ಇನ್ನೊಂದಿಷ್ಟು ಪರದೇಶದ ಪಾಲು.

ಕಟ್ಟಡದ ಸಾಮಾನು ಹೊರದೇಶಕ್ಕೆ ಮಾರುವುದು ಕರ್ನಾಟಕಕ್ಕೆ ಹೊಸದಲ್ಲ ಎನ್ನಲು ಇದನ್ನು ಹೇಳಿದೆ. ‘ಹಸಿರು ಕಟ್ಟಡ’ ಎಂಬ ಉದ್ಯಮವನ್ನು ಭಾರತ ಇನ್ನು ಜಗತ್ತಿಗೆ ಮಾರಬೇಕು ಎಂಬ ಮಾತು ಈಗ ವಿಚಾರ ಸಂಕಿರಣಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಮಾರುವುದೆಂದರೆ ಏನನ್ನು? ಇಟ್ಟಿಗೆಯನ್ನೋ, ಯಂತ್ರವನ್ನೋ, ಜ್ಞಾನವನ್ನೋ, ಗೋಡೆಗೆ ತೂಗುಹಾಕುವ ಪ್ರಮಾಣಪತ್ರವನ್ನೋ? ನವನಗರದಲ್ಲಿ ಕೂತು ಕೇಳಿಕೊಳ್ಳಲು ಇದು ತಕ್ಕ ಪ್ರಶ್ನೆ. (ಬಾಗಲಕೋಟೆಯ ನವನಗರವಲ್ಲ, ಅದು ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ್ದು. ಇದು ಹುಬ್ಬಳ್ಳಿ, ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಎರಡರ ನಡುವೆ ಬೆಳೆದ ಊರು. ಕಾನೂನು ವಿಶ್ವವಿದ್ಯಾಲಯ, ಪೊಲೀಸ್ ಆಯುಕ್ತರ ಕಚೇರಿ ಎಲ್ಲ ಇಲ್ಲೇ.)

ನಮ್ಮ ಓಣಿಯಲ್ಲಿ ವರ್ಷವಿಡೀ ಒಂದಲ್ಲ ಒಂದು ಮನೆ ಏಳುತ್ತಲೇ ಇರುತ್ತದೆ. ರಸ್ತೆಗೆ ಚಾಚಿಕೊಂಡ ಸಾಮಾನಿನ ಗುಡ್ಡೆ ನೋಡಿದರೆ ಸಾಕು, ಭೂಗೋಳದ ಪಾಠ. ಎಎಸಿ ಎಂಬ ಬಿಳಿಬಿಳಿ ಹಗುರ ಕಾಂಕ್ರೀಟ್ ಬ್ಲಾಕು ಹುಟ್ಟಿದ್ದು 1920ರ ದಶಕದ ಸ್ವೀಡನ್ನಿನಲ್ಲಿ. ಅಲ್ಲಿಯ ವಾಸ್ತುಶಿಲ್ಪಿ ಆಕ್ಸೆಲ್ ಎರಿಕ್ಸನ್ ಕಂಡುಹಿಡಿದದ್ದು. ನೆಲಕ್ಕೆ ಹಾಸುವ ಟೈಲ್ಸ್ ಗುಜರಾತಿನ ಮೋರ್ಬಿಯಿಂದ ಬಂದದ್ದು. ಬಾಗಿಲು ಚೌಕಟ್ಟಿಗೆ ಮಲೇಷ್ಯಾದ ಕಟ್ಟಿಗೆ. ದಾಂಡೇಲಿಯ ತೇಗ ಈ ಊರಿನ ಚೌಕಟ್ಟುಗಳಿಗೆ ಬರುತ್ತಿದ್ದ ಕಾಲ ಹಿರಿಯರ ಮಾತಿನಲ್ಲಷ್ಟೇ ಉಳಿದಿದೆ. ಉಸುಕಿನ ಜಾಗದಲ್ಲಿ ಕಲ್ಲು ಅರೆದ ಎಂ-ಸ್ಯಾಂಡ್. ಇಡೀ ಗುಡ್ಡೆಯಲ್ಲಿ ಧಾರವಾಡ ಜಿಲ್ಲೆಯದು ಎನ್ನಬಹುದಾದದ್ದು ಹೆಚ್ಚೆಂದರೆ ಜಲ್ಲಿ, ಮುರಂ ಮತ್ತು ನೀರು.

ಆದರೆ ಇದೇ ನಾಡಿನ ಮಣ್ಣು ಒಂದು ಕಾಲಕ್ಕೆ ಹಡಗು ಹತ್ತಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಿತು. ಧಾರವಾಡದವರಿಗೆ ಮಿಷನ್ ಎಂದರೆ ಶಾಲೆ, ಕಿಟೆಲ್, 1894ರ ಶಬ್ದಕೋಶ. ಮಂಗಳೂರಿನವರಿಗೆ ಹೆಂಚು. ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಯಂತ್ರಜ್ಞ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುವ ಹೆಂಚಿನ ಕಲ್ಪನೆ ಅವರದಲ್ಲ. ಬಾಸೆಲ್ ಪಟ್ಟಣದ ಪಕ್ಕದಲ್ಲೇ ಇರುವ ಆಲ್ಸೇಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಹೀಗೆ ಮೊದಲು ಹಡಗು ಹತ್ತಿ ಇತ್ತ ಬಂದದ್ದು ಹೆಂಚಲ್ಲ, ಹೆಂಚಿನ ಅಚ್ಚು.

ಕನ್ನಡದ ‘ಅಚ್ಚು’ ಇಲ್ಲಿ ಎರಡು ಕೆಲಸ ಮಾಡುತ್ತದೆ. ಅಕ್ಷರ ಮೂಡಿಸುವುದೂ ಅಚ್ಚೇ, ಮಣ್ಣಿಗೆ ಆಕಾರ ಕೊಡುವುದೂ ಅಚ್ಚೇ. ಅಚ್ಚುಕೂಟಕ್ಕೆಂದು ಬಂದವರು ಹೆಂಚಿನ ಅಚ್ಚಿಗೆ ಕೈಹಾಕಿದ್ದರಲ್ಲಿ ನಮಗೆ ಕಾಣುವ ಸಹಜತೆ ಜರ್ಮನ್ ಭಾಷೆಯಲ್ಲಿ ಕಾಣುತ್ತಿತ್ತೋ ಇಲ್ಲವೋ. ಎರಡರ ತತ್ವವೂ ಒಂದೇ. ಮೊದಲನೆಯ ಪ್ರತಿಯೂ ಹತ್ತು ಸಾವಿರದನೆಯ ಪ್ರತಿಯೂ ಒಂದೇ ಥರ ಇರಬೇಕು. ಕುಂಬಾರರ ಕೈಯ ನಾಡಹಂಚು ಒಂದು ಒಡೆದರೆ ಅದರ ಜಾಗಕ್ಕೆ ಮತ್ತೊಂದನ್ನು ಹೊಂದಿಸಲು ಮಾಡಿನ ಮೇಲೆ ಹತ್ತಿ ಸರ್ಕಸ್ ಮಾಡಬೇಕು. ಅಚ್ಚಿನ ಹೆಂಚಿಗೆ ಆ ತಾಪತ್ರಯ ಇಲ್ಲ. ಜಾಂಜಿಬಾರಿನಲ್ಲಿ ಒಡೆದರೂ ಜೆಪ್ಪುವಿನದೇ ಇನ್ನೊಂದು ಅಲ್ಲಿ ಕೂತುಕೊಳ್ಳುತ್ತದೆ. ಮೇಲಾಗಿ ಹೆಂಚಿನ ಮೇಲೆ ಕಾರ್ಖಾನೆಯ ಹೆಸರು, ಊರು, 1865 ಎಂಬ ಇಸವಿಯ ಮುದ್ರೆ. ಎರಡೂವರೆ ಕಿಲೋ ಆಸುಪಾಸಿನ ಒಂದೊಂದು ಹೆಂಚೂ ತನ್ನ ಜಾಹೀರಾತನ್ನು ತಾನೇ ಹೊತ್ತುಕೊಂಡು ಹೋಯಿತು: ಪೂರ್ವ ಆಫ್ರಿಕಾ, ಏಡನ್, ಸಿಲೋನ್, ಬರ್ಮಾ. ಸ್ಥಳೀಯ ಉದ್ಯಮಿಗಳೂ ಕಾರ್ಖಾನೆಗಳನ್ನು ಎಬ್ಬಿಸಿದರು. ಮೊದಲ ಮಹಾಯುದ್ಧ ಬಂದು ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಹೆಂಚು ಮಾತ್ರ ಊರಿನ ಹೆಸರಿನಲ್ಲೇ ಉಳಿಯಿತು. ಭಾರತೀಯ ಮಾನಕ ಸಂಸ್ಥೆಯ ಐಎಸ್ 654ರ ಶೀರ್ಷಿಕೆಯಲ್ಲೇ ‘ಮಂಗಳೂರು ಮಾದರಿ’ ಎಂದಿದೆ. ಊರೊಂದರ ಹೆಸರು ಮಾನಕದ ತಲೆಬರಹಕ್ಕೆ ಏರುವುದು ಸಣ್ಣ ಮಾತಲ್ಲ.

ಆ ಉದ್ಯಮ ಹಸಿರಾಗಿತ್ತೇ? ಪೂರ್ತಿ ಅಲ್ಲ. ಗೂಡಿಗೆ ಉರುವಲಾಗಿ ಹೋದದ್ದು ಮರಗಳು. ಜೇಡಿ ತೆಗೆದ ಗದ್ದೆಗಳು ಹೊಂಡ ಬಿದ್ದವು. ಹಳೆಯದೆಲ್ಲ ಪರಿಸರಸ್ನೇಹಿ ಎನ್ನುವ ಈಗಿನ ಚಾಳಿಗೆ ನಾನು ಒಗ್ಗುವವನಲ್ಲ. ಆದರೆ ವ್ಯಾಪಾರದ ಪಾಠ ಅಲ್ಲಿದೆ. ಒಂದೇ ಅಳತೆ, ಬೆನ್ನ ಮೇಲೆ ಹೆಸರು, ಕಾರ್ಖಾನೆಯ ಬುಡದಲ್ಲೇ ಬಂದರು.

ನವನಗರದಿಂದ ಪಶ್ಚಿಮಕ್ಕೆ ಹೊರಟು ಧಾರವಾಡದ ಹಳೆಯ ಬಡಾವಣೆಗಳಲ್ಲಿ ತಿರುಗಿದರೆ ಇದೇ ಹಂಚಿನ ಮಾಡುಗಳು ಸಿಗುತ್ತವೆ. ಧಾರವಾಡ ಎಂದರೆ ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಸೂರಿನ ವ್ಯಾಕರಣವೇ ಬದಲು. ಅಲ್ಲಿ ಎರಿ ಹೊಲ, ಕಡಿಮೆ ಮಳೆ, ಮ್ಯಾಳಿಗಿ ಮನಿ. ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪುಸದೆ, ಅದರ ಮೇಲೆ ಮೊಳ ದಪ್ಪದ ಮಣ್ಣು, ಎಲ್ಲದರ ಮೇಲೆ ಸವಳು ಮಣ್ಣಿನ ಹೊದಿಕೆ. ಬೆಳೆ ಬಾರದ ಸವಳು ಮಣ್ಣು ನೀರು ಬಿಡದ ಸೂರಿಗೆ ಬಂತು. ಹೊಲಕ್ಕೆ ಕೆಟ್ಟದ್ದು ಮನೆಗೆ ಒಳ್ಳೆಯದಾಗುತ್ತದೆಂದು ಯಾವ ಪ್ರಯೋಗಾಲಯವೂ ಹೇಳಿಕೊಟ್ಟದ್ದಲ್ಲ. ಮೇ ತಿಂಗಳ ಮಧ್ಯಾಹ್ನ ಅಂಥ ಪಡಸಾಲೆಯಲ್ಲಿ ಮಲಗಿದವರಿಗೆ ಫ್ಯಾನಿನ ನೆನಪಾಗುವುದಿಲ್ಲ. ಹೊರಗಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆದರೆ ಪ್ರತಿ ಮಳೆಗಾಲದ ಮೊದಲು ಮಣ್ಣು ಹಾಕದಿದ್ದರೆ ಸೋರುವುದು ಖಂಡಿತ. ಇಲ್ಲಿಗೆ ಸಮೀಪದ ಶಿಶುನಾಳದ ಶರೀಫರು ಆ ಸೋರುವಿಕೆಯನ್ನೇ ತತ್ವಪದವಾಗಿಸಿದರು ಎಂಬುದು ಎಲ್ಲರಿಗೂ ಗೊತ್ತು. ವರ್ಷವರ್ಷವೂ ರಿಪೇರಿ ಕೇಳುವ ಸೂರನ್ನು ಪರದೇಶದವರಿರಲಿ, ಹುಬ್ಬಳ್ಳಿಗೆ ಬಂದು ನೌಕರಿ ಹಿಡಿದ ಮಗನೂ ಕಟ್ಟಿಸುವುದಿಲ್ಲ. ಮ್ಯಾಳಿಗಿ ಹಡಗು ಹತ್ತದಿರಲು ಕಾರಣ ಇಷ್ಟೇ. ಅದಕ್ಕೆ ಅಚ್ಚು ಇರಲಿಲ್ಲ.

ಮಣ್ಣಿಗೆ ಹೊಸ ಅಚ್ಚು ಮಾಡುವ ಕೆಲಸ ಬೆಂಗಳೂರಿನಲ್ಲಿ ನಡೆಯಿತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡ ಹುಟ್ಟಿತು. ಕನ್ನಡಿಗರಿಗೆ ಅದು ಗೊತ್ತಿರುವುದು ಅಸ್ತ್ರ ಒಲೆಯಿಂದ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕ್ಷೇತ್ರಕೇಂದ್ರವಿತ್ತು. ಅದೇ ತಂಡದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಿಂದ ಎಳೆಯುವ ಒತ್ತುಯಂತ್ರದಲ್ಲಿ ಅದುಮಿ, ಸುಡದೆ ಗಟ್ಟಿಯಾಗುವ ಬ್ಲಾಕನ್ನು ರೂಪಿಸಿದರು. ಯಂತ್ರಕ್ಕೆ ‘ಮರ್ದಿನಿ’ ಎಂದು ಹೆಸರು. 2003ರಲ್ಲಿ ಅವರಿಬ್ಬರೂ ಪ್ರಕಟಿಸಿದ ಪ್ರಬಂಧದ ಪ್ರಕಾರ, ಇಂಥ ಪರ್ಯಾಯ ಸಾಮಗ್ರಿ ಬಳಸಿದರೆ ಗೋಡೆಯೇ ಭಾರ ಹೊರುವ ಕಟ್ಟಡದ ಸಾಮಾನು ತಯಾರಿಗೆ ತಗಲುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರ ‘ಬಯೋಮ್’ ಮನೆಗೆಂದು ಅಗೆದ ನೆಲಮಾಳಿಗೆಯ ಮಣ್ಣಿನಿಂದಲೇ ಅದೇ ಮನೆಯ ಗೋಡೆಯನ್ನು ಎಬ್ಬಿಸುವುದನ್ನು ಮಾಡಿ ತೋರಿಸಿತು. ಲಾರಿ ಬಾಡಿಗೆ ಶೂನ್ಯ.

ನಮ್ಮ ಮಣ್ಣು ಇದಕ್ಕೆ ಒಗ್ಗುತ್ತದೆಯೇ ಎಂದು ನೋಡುವ ಹುಚ್ಚು ನನಗೂ ಹತ್ತಿತು. ಪರೀಕ್ಷೆ ಸರಳ. ಎರಡು ಲೀಟರಿನ ಖಾಲಿ ನೀರಿನ ಬಾಟಲಿಗೆ ಕಾಲುಭಾಗ ಮಣ್ಣು, ಮುಕ್ಕಾಲು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಡುವುದು. ಮೊದಲು ತಳಕ್ಕೆ ಕೂಡುವುದು ಉಸುಕು, ಅದೂ ನಿಮಿಷದೊಳಗೆ. ಅದರ ಮೇಲೆ ರೇವೆ. ಕಡೆಗೆ, ಗಂಟೆಗಟ್ಟಲೆ ಕಾಯಿಸಿ, ಜೇಡಿ. ಪದರಗಳ ಎತ್ತರ ಅಳೆದರೆ ಮಣ್ಣಿನ ಜಾತಕ ಸಿಕ್ಕಂತೆ. ಉಸುಕು ಹೆಚ್ಚಿದ್ದು ಜೇಡಿ ಹದವಾಗಿದ್ದರೆ ಶೇ. 7ರ ಆಸುಪಾಸಿನ ಸಿಮೆಂಟು ಸಾಕು. ಜೇಡಿ ಏರಿದಷ್ಟೂ ಸಿಮೆಂಟಿನ ಆಟ ನಡೆಯುವುದಿಲ್ಲ, ಸುಣ್ಣ ಕೂಡಿಸಬೇಕಾಗುತ್ತದೆ ಅಥವಾ ಉಸುಕು ಬೆರೆಸಿ ತೆಳುವಾಗಿಸಬೇಕಾಗುತ್ತದೆ. ಒಂದು ಬಾಟಲಿಗೆ ಸತ್ತೂರ ಕಡೆಯ ಕೆಂಪು ಮುರಂ ಹಾಕಿದೆ. ಇನ್ನೊಂದಕ್ಕೆ ನವಲಗುಂದ ದಾರಿಯ ಎರಿ ಮಣ್ಣು. ಎರಿ ಮಣ್ಣನ್ನು ಕಂಡರೆ ಇಲ್ಲಿಯ ಗೌಂಡಿಗಳಿಗೆ ಒಂದು ನಮೂನೆಯ ಸಿಟ್ಟು ಮಿಶ್ರಿತ ಗೌರವ. ಮಳಿಗೆ ಉಬ್ಬತೈತಿ, ಬಿಸಲಿಗೆ ಬಿರಿತೈತಿ, ಗ್ವಾಡಿ ಸೀಳತೈತಿ ಅಂತಾರೆ. ಅದಕ್ಕಾಗಿಯೇ ಅಂಥಲ್ಲಿ ಬುನಾದಿಗೆ ಖರ್ಚು ಜಾಸ್ತಿ.

ಬಾಟಲಿಗಳು ತಳ ಹಿಡಿಯುವಷ್ಟರಲ್ಲಿ ಬೇರೆ ಲೆಕ್ಕ ನೋಡೋಣ. ಮಣ್ಣು ಒತ್ತುವ ಯಂತ್ರಗಳ ಜಾಗತಿಕ ಕತೆ ಶುರುವಾಗುವುದು ಕೊಲಂಬಿಯಾದ ಬೊಗೋಟಾದಲ್ಲಿ. 1950ರ ದಶಕದಲ್ಲಿ ರೌಲ್ ರಮಿರೆಸ್ ಎಂಬ ಎಂಜಿನಿಯರ್ ಮಾಡಿದ ‘ಸಿನ್ವಾ-ರಾಮ್’ ಒತ್ತುಯಂತ್ರ ಲೋಕ ಸುತ್ತಿತು. ನಮ್ಮ ದೇಶದಲ್ಲಿ ಅದರ ಮುಂದಿನ ತಲೆಮಾರನ್ನು ಹೊರಗೆ ಮಾರಿದವರು ಪುದುಚೇರಿ ಪಕ್ಕದ ಆರೋವಿಲ್‌ನವರು. 1989ರಲ್ಲಿ ಅಲ್ಲಿ ಸತ್‌ಪ್ರೇಮ್ ಮೈನಿ ಕಟ್ಟಿದ ಭೂಮಿ ಸಂಸ್ಥೆ ‘ಔರಂ’ ಯಂತ್ರವನ್ನು ರೂಪಿಸಿತು, ಅಲ್ಲಿಯದೇ ವರ್ಕ್‌ಶಾಪು ಅದನ್ನು ತಯಾರಿಸಿ ಆಫ್ರಿಕಾ, ಏಷ್ಯಾದ ಎಷ್ಟೋ ದೇಶಗಳಿಗೆ ಕಳಿಸಿತು. ಯಂತ್ರ ಕೊಂಡವರಿಗೆ ತರಬೇತಿ, ತರಬೇತಿ ಪಡೆದವರಿಗೆ ಯಂತ್ರ. ಈ ಜೋಡಿಯೇ ಅವರ ವ್ಯಾಪಾರದ ಗುಟ್ಟು. 2001ರ ಗುಜರಾತ್ ಭೂಕಂಪದ ಮೇಲೆ ಅವರ ಪೊಳ್ಳುಬ್ಲಾಕಿಗೆ ಅಲ್ಲಿಯ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ಅತ್ತ ದಕ್ಷಿಣ ಆಫ್ರಿಕಾದ ಹೈಡ್ರಾಫಾರ್ಮ್ 1988ರಿಂದ ಇದೇ ಜಾತಿಯ ಬ್ಲಾಕು ಯಂತ್ರ ಮಾಡುತ್ತ ಭಾರತಕ್ಕೂ ಬಂದು ಮಾರಿತು. ನೈರೋಬಿಯ ಮಕಿಗಾ ಯಂತ್ರಗಳು ಉಗಾಂಡಾದ ಶಾಲೆಗಳನ್ನು, ನೀರಿನ ತೊಟ್ಟಿಗಳನ್ನು ಕಟ್ಟಲು ಹೋದವು. ವಿಶ್ವಸಂಸ್ಥೆಯ ವಸತಿ ವಿಭಾಗ ಅಲ್ಲಿಯ ಅನುಭವದ ಮೇಲೆ 2009ರಲ್ಲಿ ಪುಸ್ತಕವನ್ನೇ ತಂದಿತು. ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯಲ್ಲಿ ಒತ್ತಿದ ಮಣ್ಣಿನ ಬ್ಲಾಕುಗಳಿಂದ ತನ್ನೂರಿಗೊಂದು ಶಾಲೆ ಕಟ್ಟಿದ ಫ್ರಾನ್ಸಿಸ್ ಕೆರೆಗೆ 2022ರಲ್ಲಿ ವಾಸ್ತುಶಿಲ್ಪದ ಅತಿದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಮಣ್ಣಿನ ಮನೆ ಬಡವರದು ಎಂಬ ಮಾತು ಅಲ್ಲಿಗೆ ಒಂದಷ್ಟು ಸುಮ್ಮನಾಯಿತು.

ಬೆಂಗಳೂರು ಇಷ್ಟು ಮೊದಲೇ ವಿಜ್ಞಾನ ಮಾಡಿಟ್ಟರೂ ವ್ಯಾಪಾರದ ಹೆಸರಾಗಿ ಹೊರಗೆ ಬೆಳೆದದ್ದು ಔರಂ, ಹೈಡ್ರಾಫಾರ್ಮ್, ಮಕಿಗಾ. ಯಾಕೆ? ನನಗೆ ತೋರುವ ಉತ್ತರ ಒಂದೇ. ‘ಅಸ್ತ್ರ’ದವರು ಹಳ್ಳಿಗೆ ಕೊಡಲೆಂದು ಯಂತ್ರ ಮಾಡಿದರು, ಮಾರಲೆಂದು ಅಲ್ಲ. ಅದು ಅವರ ದೊಡ್ಡತನ. ಆದರೆ ಹಿಡಿಕೆ ಮುರಿದರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಬ್ಲಾಕು ಉದುರಿದರೆ ಯಾರನ್ನು ಕೇಳುವುದು, ಮನೆ ಸಾಲ ಕೊಡುವವರಿಗೆ ಯಾವ ಕಾಗದ ತೋರಿಸುವುದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸಂಶೋಧಕರ ಕೆಲಸವಲ್ಲ. ಸ್ಥಿರೀಕರಿಸಿದ ಮಣ್ಣಿನ ಬ್ಲಾಕಿಗೆ ಐಎಸ್ 1725 ಎಂಬ ಮಾನಕ ಇದೆ; 2013ರಲ್ಲಿ ಪರಿಷ್ಕೃತವೂ ಆಯಿತು. ಮಾನಕ ಇದ್ದ ಮಾತ್ರಕ್ಕೆ ಬೆಂಬಲದ ಅಂಗಡಿ ಇದ್ದಂತಲ್ಲ.

ಈ ವ್ಯತ್ಯಾಸ ಕಾಣಬೇಕೆಂದರೆ ಕೆನಡಾದವರನ್ನು ನೋಡಬೇಕು. ಅಲ್ಲಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರವೇ ನಡೆಸುವ ಸಂಸ್ಥೆಯೊಂದು ಭಾರತದಲ್ಲಿ ಕಚೇರಿ ತೆರೆದು ಹೆಮ್ಲಾಕ್, ಡಗ್ಲಸ್ ಫರ್ ಮುಂತಾದ ಕಟ್ಟಿಗೆಯನ್ನು ಪರಿಚಯಿಸುತ್ತಿದೆ. ಅವರು ಬರೀ ದಿಮ್ಮಿ ಕಳಿಸುವುದಿಲ್ಲ. ಬಡಗಿಗಳಿಗೆ, ಪೀಠೋಪಕರಣ ಮಾಡುವವರಿಗೆ ಈ ಕಟ್ಟಿಗೆಗೆ ಯಾವ ಅಂಟು, ಯಾವ ಮೊಳೆ, ಎಷ್ಟು ಒಣಗಿಸಬೇಕು ಎಂದು ಹೇಳಿಕೊಡುತ್ತಾರೆ, ಮಾದರಿ ಬಾಗಿಲು ಕಿಟಕಿ ಮಾಡಿಸಿ ಪ್ರದರ್ಶನಕ್ಕಿಡುತ್ತಾರೆ, ಕಾಡು ಮರುನಾಟಿಯಾಗುತ್ತದೆಂಬ ಪ್ರಮಾಣಪತ್ರವನ್ನು ಮುಂದೊಡ್ಡುತ್ತಾರೆ. ಇತ್ತ ನಾವು? 2021ರ ಜನವರಿ 1ರಂದು ಕೇಂದ್ರ ಸರ್ಕಾರ ಆರು ನಗರಗಳಲ್ಲಿ ‘ಲೈಟ್ ಹೌಸ್’ ವಸತಿ ಯೋಜನೆಗೆ ಅಡಿಗಲ್ಲು ಹಾಕಿದಾಗ ರಾಜಕೋಟ್‌ಗೆ ಫ್ರೆಂಚ್ ತಂತ್ರ, ರಾಂಚಿಗೆ ಜರ್ಮನಿಯದು, ಲಖನೌಗೆ ಕೆನಡಾದ್ದು, ಅಗರ್ತಲಾಕ್ಕೆ ನ್ಯೂಜಿಲೆಂಡಿನದು ಎಂದು ಸಾರಿಹೇಳಲಾಯಿತು. ಕಲಿಯುವುದು ತಪ್ಪಲ್ಲ. ಮನೆಯ ಅಚ್ಚು ಅಟ್ಟದ ಮೇಲೆ ಬಿದ್ದಿರುವಾಗ ಇದು ಕಣ್ಣಿಗೆ ಚುಚ್ಚುತ್ತದೆ, ಅಷ್ಟೆ.

ಪ್ರಮಾಣಪತ್ರದ ವ್ಯಾಪಾರ ಇನ್ನೊಂದು ಕತೆ. ಹಸಿರು ಕಟ್ಟಡಗಳಿಗೆ ದರ್ಜೆ ಕೊಡುವ ಬ್ರಿಟನ್ನಿನ ಬ್ರೀಯಂ 1990ರಲ್ಲಿ ಬಂತು, ದಶಕ ಕಳೆಯುವುದರೊಳಗೆ ಅಮೆರಿಕದ ಲೀಡ್. 2001ರಲ್ಲಿ ಉದ್ಯಮಿಗಳ ಒಕ್ಕೂಟವಾದ ಸಿಐಐ ಆಶ್ರಯದಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿ, ಹೈದರಾಬಾದಿನಲ್ಲಿ ಕಟ್ಟಿದ ಗೋದ್ರೆಜ್ ಹಸಿರು ಕೇಂದ್ರಕ್ಕೆ ಲೀಡ್ ಪ್ಲಾಟಿನಂ ಸಿಕ್ಕಿತು. ಅಮೆರಿಕದ ಹೊರಗೆ ಆ ದರ್ಜೆ ಪಡೆದ ಮೊದಲ ಕಟ್ಟಡ ಅದು. 2004ರ ಜುಲೈಯಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ನಂತರ ನಮ್ಮದೇ ‘ಗೃಹ’ ಎಂಬ ಶ್ರೇಯಾಂಕ 2007ರಲ್ಲಿ ಬಂದರೂ ಬೆಂಗಳೂರಿನ ಗಾಜಿನ ಗೋಪುರಗಳು ಇಂದಿಗೂ ಹೆಮ್ಮೆಯಿಂದ ತೋರಿಸುವುದು ಲೀಡ್ ಫಲಕವನ್ನೇ. ಬಾಡಿಗೆಗೆ ಬರುವ ಬಹುರಾಷ್ಟ್ರೀಯ ಕಂಪನಿ ಗುರುತಿಸುವುದು ಆ ಹೆಸರನ್ನು. ಸಿಂಗಾಪುರ ತನ್ನ ಗ್ರೀನ್ ಮಾರ್ಕನ್ನು 2005ರಲ್ಲಿ ಹೊರತಂದು ನೆರೆಯ ದೇಶಗಳ ಕಟ್ಟಡಗಳ ಮೇಲೂ ಮುದ್ರೆಯೊತ್ತಿತು. ಅಷ್ಟು ಸಣ್ಣ ದ್ವೀಪ ಮುದ್ರೆ ಮಾರಬಹುದಾದರೆ ನಮಗೇನು ಕಷ್ಟ ಎಂದು ಯಾರಾದರೂ ಕೇಳಬಹುದು. ಆದರೆ ಹೆಸರಿನ ಆಟ ವಿಚಿತ್ರ, ನಮಗದು ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಬಂಡಿ ಹತ್ತಿ ಘಾಟು ಇಳಿದು ಕುಮಟೆಯಲ್ಲಿ ಹಡಗೇರುತ್ತಿತ್ತು. ಪರದೇಶದ ಪೇಟೆಯಲ್ಲಿ ಅದರ ಹೆಸರು ‘ಕುಮ್ಟಾ’. ಬೆಳೆದವನು ಧಾರವಾಡದ ರೈತ, ಹೆಸರು ಹೊತ್ತದ್ದು ಬಂದರು. ಈಗಲೂ ಹಾಗೆಯೇ, ಕಟ್ಟಡ ಬೆಂಗಳೂರಿನದು, ಫಲಕ ವಾಷಿಂಗ್ಟನ್ನಿನದು.

ಈಗ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿದೆ. ಯುರೋಪಿಯನ್ ಒಕ್ಕೂಟ ತನ್ನ ಗಡಿಯೊಳಗೆ ಬರುವ ಸಿಮೆಂಟು, ಉಕ್ಕು, ಅಲ್ಯೂಮಿನಿಯಂ ಮುಂತಾದವುಗಳ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರಿನಿಂದ ಕೇಳತೊಡಗಿತು. 2026ರ ಜನವರಿ 1ರಿಂದ ಅದಕ್ಕೆ ಬೆಲೆ ತೆರಬೇಕಾದ ಹಂತ. ಅಮರಗೋಳದಲ್ಲಿ ರಾತ್ರಿ ಹಾಯುವ ಇದ್ದಿಲಿನ ಗಾಡಿಗೂ ಬ್ರಸೆಲ್ಸಿನ ಕಚೇರಿಗೂ ಹೀಗೊಂದು ನಂಟು ಬೆಳೆಯಿತು. ತೋರಣಗಲ್ಲಿನ ಉಕ್ಕನ್ನು ಎಷ್ಟು ಇದ್ದಿಲು ಸುಟ್ಟು ಮಾಡಿದಿರಿ ಎಂದು ಕೊಳ್ಳುವವನೇ ಕೇಳುತ್ತಾನೆ.

ಸಿಮೆಂಟಿನ ಕಡೆ ಒಂದು ಸ್ವಾರಸ್ಯವಿದೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಕ್ಯಾರನ್ ಸ್ಕ್ರಿವನರ್ ಅವರ ತಂಡ ಕ್ಯೂಬಾ ಮತ್ತು ಭಾರತದ ಐಐಟಿಗಳ ಜೊತೆಗೂಡಿ ‘ಎಲ್‌ಸಿ3’ ಎಂಬ ಸಿಮೆಂಟನ್ನು ರೂಪಿಸಿತು. ಸಿಮೆಂಟಿನ ತಿರುಳಾದ ಕ್ಲಿಂಕರನ್ನು ಅರ್ಧಕ್ಕೆ ಇಳಿಸಿ, ಆ ಜಾಗದಲ್ಲಿ ಹದವಾಗಿ ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿ. ಇಂಗಾಲದ ಹೊರೆ ಶೇ. 40ರವರೆಗೆ ಕಡಿಮೆ. 2023ರಲ್ಲಿ ಅದಕ್ಕೆ ಭಾರತೀಯ ಮಾನಕವೂ ಬಂತು. ಸುಟ್ಟ ಜೇಡಿಯ ಪುಡಿಯನ್ನು ಸುಣ್ಣಕ್ಕೆ ಬೆರೆಸುವುದನ್ನು ನಮ್ಮ ಹಳಬರು ಸುರ್ಕಿ ಎಂದು ಕರೆಯುತ್ತಿದ್ದರು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಉಷ್ಣತೆ, ಪ್ರಮಾಣ, ರಸಾಯನ ಎಲ್ಲ ಬೇರೆ. ಆದರೆ ಹೆಂಚು ಸುಟ್ಟು, ಇಟ್ಟಂಗಿ ಪುಡಿ ಅರೆದು ಗಾರೆ ಮಾಡಿದ ನಾಡಿಗೆ ಜೇಡಿ ಸುಡುವ ಕಸುಬು ಅಪರಿಚಿತವಲ್ಲ. ಮುಚ್ಚುವ ಹಂತಕ್ಕೆ ಬಂದ ಕರಾವಳಿಯ ಹೆಂಚಿನ ಕಾರ್ಖಾನೆಗಳ ಕಡೆ ಸಿಮೆಂಟಿನವರು ಒಮ್ಮೆ ಹಾದುಹೋಗಿ ಬಂದರೆ ನಷ್ಟವೇನಿಲ್ಲ.

ಇನ್ನು ಕೈಕಸುಬು. ಉತ್ತರ ಕರ್ನಾಟಕದ ನಿಜವಾದ ಕಟ್ಟಡ ರಫ್ತು ಇಂದಿಗೂ ಮನುಷ್ಯರೇ. ವಿಜಯಪುರ, ಕೊಪ್ಪಳ, ಗದಗ ಕಡೆಯವರು ಗೋವಾಕ್ಕೆ ಹೋಗಿ ಕಲ್ಲು ಹೊತ್ತು, ಗಾರೆ ಕಲಸಿ, ಅಲ್ಲಿಯ ಬಂಗಲೆಗಳನ್ನು ಎಬ್ಬಿಸುತ್ತಾರೆ. ಮ್ಯಾಳಿಗಿಗೆ ಮಣ್ಣು ಹಾಕುವ ಹದ, ಗಿಲಾಯಿ ಮಾಡುವ ಕೈ ಗೊತ್ತಿದ್ದವರ ಮಕ್ಕಳು ಅಲ್ಲಿ ದಿನಗೂಲಿಗಳು. ಆ ಹದಕ್ಕೆ ಸರ್ಟಿಫಿಕೇಟಿಲ್ಲ, ಹಾಗಾಗಿ ದರವೂ ಇಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಕಚೇರಿಗಳಲ್ಲಿ ಲಂಡನ್ ಕಟ್ಟಡದ ಶಾಖದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕುವ ಹುಡುಗ ಹುಡುಗಿಯರಿದ್ದಾರೆ. ಅವರ ಕೆಲಸ ಡಾಲರ್, ಪೌಂಡಿನ ಲೆಕ್ಕದಲ್ಲಿ ಮಾರಾಟವಾಗುವ ರಫ್ತು. ಒಬ್ಬರಿಗೆ ಗೋಡೆ ಗೊತ್ತು, ಇನ್ನೊಬ್ಬರಿಗೆ ಗೋಡೆಯ ಗಣಿತ. ಚಿಕ್ಕಮಲ್ಲಿಗವಾಡದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಧಾರವಾಡ ಐಐಟಿ ಆವರಣದಿಂದ ನವಲಗುಂದದ ಮ್ಯಾಳಿಗಿಗೆ ಒಂದೂವರೆ ಗಂಟೆಯ ದಾರಿ. ಯಾರಾದರೂ ಉಷ್ಣಮಾಪಕ ಹಿಡಿದು ಒಂದು ಬ್ಯಾಸಗಿ ಅಲ್ಲಿ ಕೂತು, ಸೋರದ ಮ್ಯಾಳಿಗಿಗೆ ಒಂದು ಅಚ್ಚು ಮಾಡಿದರೆ ಅದನ್ನು ಕೊಳ್ಳಲು ರಾಜಸ್ಥಾನವೂ ಇದೆ, ಸಹಾರಾದ ಅಂಚಿನ ಹತ್ತಾರು ದೇಶಗಳೂ ಇವೆ. ಬಿಸಿಲು, ಕಡಿಮೆ ಮಳೆ, ಮಣ್ಣಿನ ಚಪ್ಪಟೆ ಸೂರು ಅಲ್ಲಿಯೂ ಇರುವುದೇ.

ಮರುದಿನ ಬೆಳಿಗ್ಗೆ ಕಿಟಕಿಯ ಕಟ್ಟೆ ನೋಡಿದೆ. ಸತ್ತೂರಿನ ಮುರಂ ನಾಲ್ಕು ಬೆರಳು ಉಸುಕಾಗಿ ಕೂತು, ಮೇಲೊಂದು ತೆಳು ಕೆಂಪು ಪದರ ಬಿಟ್ಟು, ನೀರು ತಿಳಿಯಾಗಿತ್ತು. ನವಲಗುಂದದ ಬಾಟಲಿ ಇನ್ನೂ ಕಪ್ಪು ಚಹಾದಂತಿತ್ತು. ಮನೆಯವರು ಅದನ್ನು ಚೆಲ್ಲಲು ಹೊರಟಿದ್ದರು. ಇನ್ನೂ ಎರಡು ದಿನ ಬಿಡಿ ಎಂದೆ.